ಖಾಲಿ ಜಾಗ ಎಲ್ಲಿದೆ?

ಕಳೆದ ವಾರ ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ ಮೇಷ್ಟ್ರು "ಅಮೆರಿಕವನ್ನು ಕಂಡುಹಿಡಿದವರು ಯಾರು?" ಅಂತ ಕೇಳಿದರು. ನಾವೆಲ್ಲ ಒಂದೇ ರಾಗದಲ್ಲಿ "ಕೊಲಂಬಸ್" ಅಂದೆವು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಅಲ್ಲಿ ಮೊದಲೇ ಜನ ಇದ್ದರಲ್ಲ ಸಾರ್, ಅವರ ಕಣ್ಣಿಗೆ ಅದು ಕಾಣಿಸ್ತಿರಲಿಲ್ವಾ?" ಅಂದ. ತರಗತಿಯೆಲ್ಲ ಗೊಳ್ಳನೆ ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. "ಯೋಚನೆ ಮಾಡಿ ಗೋಡೆ ಪತ್ರಿಕೆಗೆ ಯಾರಾದ್ರೂ ಬರೀರಿ" ಅಂದರು. ಅದಕ್ಕೇ ಈ ನಾಲ್ಕು ಮಾತು.

ಆ ಪ್ರಶ್ನೆ ನನಗೆ ನಾಟೋಕೆ ಒಂದು ಕಾರಣ ಇದೆ. ಅದೇ ವಾರ ನಮ್ಮ ದೊಡ್ಡಪ್ಪನ ಹೊಲದಲ್ಲಿ ಒಂದು ಬೋರ್ಡು ಎದ್ದು ನಿಂತಿತು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ "ಖಾಲಿ ಜಾಗ" ಅಂತ ಬರೆದಿತ್ತು. ಹೊಲವನ್ನು ಯಾರೂ ಕಿತ್ತುಕೊಂಡಿಲ್ಲ, ಎರಡು ಬೋರ್‌ವೆಲ್ ಕೈಕೊಟ್ಟು ಸಾಲವಾಗಿ ದೊಡ್ಡಪ್ಪನೇ ಮಾರಿದ್ದು. ನಮ್ಮ ಅಜ್ಜಿಗೆ ಓದೋಕೆ ಬರಲ್ಲ. ಬೋರ್ಡಿನಲ್ಲಿ ಏನಿದೆ ಅಂತ ನಾನು ಓದಿ ಹೇಳಿದೆ. "ಖಾಲಿ ಯಾಕ್ಲಾ ಆಯ್ತದೆ? ಮೊನ್ನೆ ತಾನೆ ರಾಗಿ ಕುಯ್ದಿದ್ದು. ಅಕ್ಕಡಿ ಸಾಲ್ನಾಗೆ ಅವರೆ ಇನ್ನೂ ಐತೆ, ಅವರಿಗೆ ಕಣ್ ಕಾಣಕಿಲ್ವಾ?" ಅಂದಳು.

ಹಿಂದಿನ ಬೆಂಚಿನವನ ಪ್ರಶ್ನೆಯೂ ಅಜ್ಜಿಯ ಪ್ರಶ್ನೆಯೂ ಒಂದೇ ಅಲ್ಲವೇ?

ಪಾಠದ ವಿಷಯಕ್ಕೆ ಬರೋಣ. 1492ರ ಅಕ್ಟೋಬರ್ 12ರಂದು ಕೊಲಂಬಸ್ ಇಳಿದದ್ದು ಒಂದು ದ್ವೀಪದಲ್ಲಿ. ಅಲ್ಲಿಯ ಜನ ಅದನ್ನು ಗುವಾನಹಾನಿ ಎಂದು ಕರೆಯುತ್ತಿದ್ದರು. ಆ ಹೆಸರು ಗೊತ್ತಾದ ಮೇಲೂ ಅವನು ಸಾನ್ ಸಾಲ್ವಡಾರ್ ಅಂತ ಬೇರೆ ಹೆಸರಿಟ್ಟ. ಅವನು ಹುಡುಕಿಕೊಂಡು ಹೊರಟದ್ದು ಇಂಡಿಯಾದ ಕಡೆಗೆ. ಹಾಗಾಗಿ ಅಲ್ಲಿದ್ದ ಜನರಿಗೆ ಇಂಡಿಯನ್ನರು ಅಂದುಬಿಟ್ಟ. ನಮ್ಮ ಹೆಸರು ಹೋಗಿ ಅವರ ತಲೆ ಮೇಲೆ ಕೂತಿತು.

ಆಮೇಲೆ ಇಂಗ್ಲಿಷರು ಬಂದರು. 1607ರಲ್ಲಿ ಜೇಮ್ಸ್‌ಟೌನ್ ಕಟ್ಟಿದರು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ 102 ಜನ ಬಂದು ಪ್ಲಿಮತ್ ಎಂಬಲ್ಲಿ ನೆಲೆಸಿದರು. ಅಲ್ಲಿ ಕಾಡು ಕಡಿದು ಹಸನು ಮಾಡಿದ ಹೊಲಗಳಿದ್ದವು, ಆದರೆ ಜನ ಇರಲಿಲ್ಲ. ಬಂದವರಿಗೆ ದೇವರೇ ಖಾಲಿ ಜಾಗ ಕೊಟ್ಟ ಹಾಗಾಯಿತು. ನಿಜ ಏನೆಂದರೆ ಅದು ಪಟುಕ್ಸೆಟ್ ಅನ್ನೋ ಊರು. ಯುರೋಪಿನ ಹಡಗುಗಳ ಜೊತೆ ಬಂದ ಕಾಯಿಲೆಯಿಂದ 1616ರಿಂದ 1619ರ ಒಳಗೆ ಆ ಊರಿಗೆ ಊರೇ ಸತ್ತುಹೋಗಿತ್ತು. ಉಳಿದವನು ಟಿಸ್ಕ್ವಾಂಟಮ್ ಎಂಬ ಒಬ್ಬ. 1614ರಲ್ಲಿ ಒಬ್ಬ ಇಂಗ್ಲಿಷ್ ಕಪ್ತಾನ ಅವನನ್ನು ಹಿಡಿದು ಸ್ಪೇನಿಗೆ ಮಾರೋಕೆ ಒಯ್ದಿದ್ದ. ಹೇಗೋ ತಪ್ಪಿಸಿಕೊಂಡು 1619ರಲ್ಲಿ ವಾಪಸ್ ಬಂದರೆ, ಮಾತಾಡಿಸೋಕೆ ಊರಿನಲ್ಲಿ ಒಬ್ಬರೂ ಇಲ್ಲ.

ಅದೇ ಟಿಸ್ಕ್ವಾಂಟಮ್ ಹೊಸಬರಿಗೆ ಮುಸುಕಿನ ಜೋಳ ಬಿತ್ತೋದು ಕಲಿಸಿದ, ಮೀನನ್ನು ಗೊಬ್ಬರವಾಗಿ ಹಾಕೋದು ತೋರಿಸಿದ. ಮೊದಲ ಚಳಿಗಾಲದಲ್ಲೇ ಬಂದವರಲ್ಲಿ ಅರ್ಧ ಜನ ಸತ್ತಿದ್ದರು. ಉಳಿದ ಅರ್ಧ ಜನ ಬದುಕಿದ್ದು ಇಂಥ ವಿದ್ಯೆಯಿಂದ. ಅಲ್ಲಿಯ ಜನ ಜೋಳ, ಬೀನ್ಸು, ಕುಂಬಳ ಮೂರನ್ನೂ ಒಂದೇ ಹೊಲದಲ್ಲಿ ಬೆಳೀತಿದ್ದರಂತೆ. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ಹಾಗೇ! ಇದನ್ನು ಹೇಳಿದಾಗ ಅಜ್ಜಿ, "ಹಂಗಾದ್ರೆ ಅವ್ರೂ ನಮ್ಮಂಥೋರೇ" ಅಂದಳು.

ಕಲಿಸಿದವರಿಗೆ ಏನು ಸಿಕ್ಕಿತು? ಐವತ್ತೈದು ವರ್ಷದಲ್ಲಿ, 1675ರಲ್ಲಿ, ಅದೇ ಜನರ ಮೇಲೆ ದೊಡ್ಡ ಯುದ್ಧ ಆಯಿತು. 1776ರಲ್ಲಿ ಹದಿಮೂರು ವಸಾಹತುಗಳು ಸೇರಿ ನಾವು ಸ್ವತಂತ್ರರು ಎಂದು ಸಾರಿದವು. ಅದು ದೊಡ್ಡ ಕೆಲಸ, ನಾನು ಅಲ್ಲಗಳೆಯೋದಿಲ್ಲ. ಆದರೆ ಆ ಸ್ವಾತಂತ್ರ್ಯ ಮೊದಲಿದ್ದವರಿಗೂ ಬೇಕು ಅಂತ ಅವರಿಗೆ ಅನ್ನಿಸಲಿಲ್ಲ. 1830ರಲ್ಲಿ ಇಂಡಿಯನ್ನರನ್ನು ಪಶ್ಚಿಮಕ್ಕೆ ಸಾಗಹಾಕುವ ಕಾನೂನು ಮಾಡಿದರು. 1838ರಲ್ಲಿ ಚೆರೋಕಿ ಜನರನ್ನು ಮನೆಯಿಂದ ಎಬ್ಬಿಸಿ ಸಾವಿರಾರು ಮಂದಿಯನ್ನು ನಡೆಸಿಕೊಂಡು ಹೋದರು. ಸುಮಾರು ನಾಲ್ಕು ಸಾವಿರ ಜನ ಸತ್ತರು. 1862ರಲ್ಲಿ ಬೇಸಾಯ ಮಾಡಲು ಬಂದವರಿಗೆ 160 ಎಕರೆ ಕೊಡುವ ಕಾನೂನು ಬಂತು. ಆ ಎಕರೆಗಳೂ ಬೋರ್ಡಿನ ಪ್ರಕಾರ ಖಾಲಿ ಜಾಗವೇ.

ಎಲ್ಲಿಯ ಅಮೆರಿಕ, ಎಲ್ಲಿಯ ಯಲಹಂಕ ಅಂತೀರಾ? ಕೇಳಿ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನರಿಗೆ ಶರಣಾದ ಸೈನ್ಯದ ಸೇನಾಪತಿ ಕಾರ್ನ್‌ವಾಲಿಸ್. ಅಲ್ಲಿ ಸೋತ ಅದೇ ಮನುಷ್ಯ ಇಲ್ಲಿಗೆ ಗವರ್ನರ್ ಜನರಲ್ ಆಗಿ ಬಂದು, 1791ರ ಮಾರ್ಚ್ 21ರಂದು ಟಿಪ್ಪುವಿನ ಬೆಂಗಳೂರು ಕೋಟೆ ಹಿಡಿದ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ತಂದು ಹಲಸೂರಿನ ಕಡೆ ದಂಡು ಕಟ್ಟಿದರು. ಪೇಟೆ ಒಂದು ಕಡೆ, ದಂಡು ಒಂದು ಕಡೆ. ನಮ್ಮ ತಾತಂದಿರು ಬಾಯಲ್ಲಿ ಇವತ್ತಿಗೂ "ದಂಡು" ಅಂತಲೇ ಬರುತ್ತೆ.

ಹಾಗಂತ ಪರದೇಶದವರನ್ನು ಬೈದು ಕೈ ತೊಳೆದುಕೊಳ್ಳೋಣ ಅಂದರೆ ಅದೂ ಸರಿಯಲ್ಲ. ನಾವೂ ಗಾಡಿ ಕಟ್ಟಿಕೊಂಡು ಬಂದವರೇ. ಕಂಚಿಯ ಕಡೆಯಿಂದ ಬಲಿಷ್ಠನೊಬ್ಬನ ಕಾಟ ತಾಳಲಾರದೆ ರಣಭೈರೇಗೌಡ ಮತ್ತು ಅವನ ತಮ್ಮಂದಿರು ಮನೆಮಂದಿಯನ್ನೆಲ್ಲ ಗಾಡಿಯಲ್ಲಿ ಹಾಕಿಕೊಂಡು ಬಂದು, ದೇವನಹಳ್ಳಿ ಹತ್ತಿರದ ಆವತಿಯಲ್ಲಿ ನೆಲೆಸಿದರು ಅಂತ ಹಿರಿಯರು ಕಥೆ ಹೇಳುತ್ತಾರೆ. ಮೇಫ್ಲವರ್ ಕಥೆಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ! ಆ ವಂಶದಲ್ಲೇ ಯಲಹಂಕ ನಾಡಪ್ರಭುಗಳು ಬಂದರು. ಅವರಲ್ಲಿ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕೋಟೆ, ಪೇಟೆ ಕಟ್ಟಿದರು. ನಾವು ಮೂಲದವರು ಅಂತ ನಮ್ಮ ಊರಿನಲ್ಲಿ ಎದೆ ತಟ್ಟಿಕೊಳ್ಳೋರು ಈ ಗಾಡಿಗಳನ್ನು ಮರೆಯಬಾರದು.

ಆ ಗಾಡಿಗಳು ಬಂದಾಗಲೂ ಇಲ್ಲಿ ಖಾಲಿ ಇರಲಿಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಸುಮಾರು 750ರ ಹೊತ್ತಿನದು, ಗಂಗರ ದೊರೆ ಶ್ರೀಪುರುಷನ ಕಾಲದ್ದು. ಊರು ಕಾಯೋಕೆ ಹೋರಾಡಿ ಸತ್ತ ಕಿತ್ತಯ್ಯ ಎಂಬುವನ ಹೆಸರು ಅದರ ಮೇಲೆ ಕನ್ನಡದಲ್ಲಿದೆ. ಬೇಗೂರಿನಲ್ಲಿ ಸುಮಾರು 900ರ ಇನ್ನೊಂದು ಕಲ್ಲಿನಲ್ಲಿ "ಬೆಂಗಳೂರು" ಎಂಬ ಹೆಸರೇ ಇದೆ. ಅಂದ್ರೆ ಕೆಂಪೇಗೌಡರು ಬೆಂಗಳೂರನ್ನು ಕಂಡುಹಿಡಿಯಲಿಲ್ಲ, ಕಟ್ಟಿದರು. ಈ ಎರಡು ಮಾತಿಗೆ ಅಜಗಜಾಂತರ ಇದೆ. ಕಟ್ಟಿದರು ಅಂದರೆ ಅವರಿಗೇನೂ ಕಡಿಮೆಯಾಗೋದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಜನ ಬರೋದು ತಪ್ಪಲ್ಲ. ಎಲ್ಲರೂ ಎಲ್ಲಿಂದಲೋ ಬಂದವರೇ. ಮೊದಲು ಇದ್ದವರನ್ನು ಇಲ್ಲ ಅಂದುಬಿಡೋದು ತಪ್ಪು. 2007ರಲ್ಲಿ ಯಲಹಂಕ ಮಹಾನಗರಕ್ಕೆ ಸೇರಿತು, 2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಆಯಿತು. ಅಲ್ಲಿಂದೀಚೆಗೆ ನಮ್ಮ ಕಡೆ ಬೋರ್ಡುಗಳು ಬೆಳೆಗಿಂತ ಬೇಗ ಬೆಳೀತಾ ಇವೆ. ನಾವು ಬೇಡ ಅಂದರೂ ಬೆಂಗಳೂರು ಬರುತ್ತೆ. ಆದರೆ ಕಿತ್ತಯ್ಯನ ಹೆಸರನ್ನು ಯಾರೋ ಕಲ್ಲಿನಲ್ಲಿ ಕೊರೆದಿಟ್ಟಿದ್ದರಿಂದ ತಾನೇ ಇಷ್ಟು ವರ್ಷ ಆದಮೇಲೆ ನಮಗೆ ಗೊತ್ತಾಗಿದ್ದು? ಪಟುಕ್ಸೆಟ್‌ನವರಿಗೆ ಹಾಗೆ ಬರೆದಿಡಲು ಯಾರೂ ಉಳಿಯಲಿಲ್ಲ. ನಾವು ಇನ್ನೂ ಇದ್ದೀವಲ್ಲ!

ಆದ್ದರಿಂದ ಎರಡು ಕೆಲಸ ಮಾಡೋಣ ಅಂತ ಕೇಳಿಕೊಳ್ಳುತ್ತೇನೆ. ಒಂದು, ನಮ್ಮೂರಿನ ಪ್ರತಿ ಹೊಲಕ್ಕೂ ಹೆಸರಿದೆ. ಸರ್ವೆ ನಂಬರ್ ಅಲ್ಲ, ಹೆಸರು. ಮನೆಯಲ್ಲಿ ಅಜ್ಜ ಅಜ್ಜಿಯನ್ನು ಕೇಳಿ ಬರೆದು ತನ್ನಿ. ಡ್ರಾಯಿಂಗ್ ಹಾಳೆಯಲ್ಲಿ ಊರಿನ ನಕ್ಷೆ ಮಾಡಿ ಆಫೀಸ್ ರೂಮಿನಲ್ಲಿ ಹಾಕೋಣ. ಮೇಷ್ಟ್ರು ಒಪ್ಪುತ್ತಾರೆ ಅಂತ ನಂಬಿದ್ದೇನೆ. ಎರಡು, ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ನಮ್ಮ ತರಗತಿಯಲ್ಲಿ ಕೂರುತ್ತಾರೆ. ಅವರನ್ನು "ಶೆಡ್ಡಿನೋರು" ಅಂತ ಕರೆಯೋದು ಬಿಡೋಣ. ನಾನೂ ಕರೆದಿದ್ದೇನೆ, ಈಗ ನಾಚಿಕೆಯಾಗುತ್ತದೆ. ಅವರ ಊರಿನಲ್ಲೂ ಹೊಲ ಇರುತ್ತೆ, ಅದಕ್ಕೂ ಹೆಸರು ಇರುತ್ತೆ. ಕೇಳೋಣ.

ದೊಡ್ಡಪ್ಪನ ಹೊಲದ ಹೆಸರು "ಹುಣಸೆಮರದ ಹೊಲ". ಮರ ಬಿದ್ದು ಬಹಳ ವರ್ಷ ಆಯಿತಂತೆ, ಹೆಸರು ಮಾತ್ರ ಉಳಿದಿದೆ. ಪಟ್ಟಿಯಲ್ಲಿ ಅದನ್ನು ಮೊದಲನೆಯದಾಗಿ ಬರೆದಿದ್ದೇನೆ. ನಿಮ್ಮದನ್ನು ಸೇರಿಸೋಕೆ ಈ ಹಾಳೆಯ ಕೆಳಗೆ ಖಾಲಿ ಜಾಗ ಬಿಟ್ಟಿದ್ದೇನೆ. ಇದು ಮಾತ್ರ ನಿಜವಾಗ್ಲೂ ಖಾಲಿ! ಪೆನ್ಸಿಲ್ ದಾರದಲ್ಲಿ ಕಟ್ಟಿದೆ, ದಯವಿಟ್ಟು ಕಿತ್ತುಕೊಂಡು ಹೋಗಬೇಡಿ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ