ಬರೆಯೋಕೆ ಕೂತ್ರೆ ಏನೂ ಹೊಳೆಯಲ್ವಾ?

"ಯಾಕೋ ಈಚೆಗೆ ಏನೂ ಬರೆಯೋಕಾಗ್ತಿಲ್ಲ" ಅಂತ ನಮ್ಮ ಕೋಲಾರದ ಕಡೆಯ ಗೆಳೆಯರು ಹೇಳಿದಾಗೆಲ್ಲ ನನಗೊಂದು ಅನುಮಾನ. ವಿಷಯ ಖಾಲಿಯಾಗಿರಲ್ಲ, ಭಾಷೆ ಕೈ ಕಟ್ಟಿಹಾಕಿರುತ್ತೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಜಗಳ, ಲೆಕ್ಕ, ಅಳು ಎಲ್ಲಾ ತೆಲುಗಲ್ಲೇ. ಅದನ್ನ ಬರೆಯೋಕೆ ಕೂತ್ರೆ ಪಠ್ಯಪುಸ್ತಕದ ಕನ್ನಡ ಬೆತ್ತ ಹಿಡಿದ ಮೇಷ್ಟ್ರ ಥರ ಎದುರಿಗೆ ನಿಲ್ಲುತ್ತೆ. ಎರಡು ಸಾಲಿಗೇ ಬಂದ್!

ಇದೇನು ಹೊಸದಲ್ಲ ಬಿಡಿ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು. (ಕನ್ನಡದ ಆಸ್ತಿ ಅಂತ ನಾವು ಕರೆಯೋದು ಇವರನ್ನೇ!) 1920ರಲ್ಲಿ 'ಕೆಲವು ಸಣ್ಣ ಕಥೆಗಳು' ಬಂದಾಗ ಮಾಸ್ತಿ ಮೈಸೂರು ಸರ್ಕಾರದ ನೌಕರಿಯಲ್ಲಿದ್ರು. ಪುರುಸೊತ್ತು ಎಷ್ಟಿತ್ತು ಅಂತ ಊಹಿಸಿಕೊಳ್ಳಿ. ಅವರ ಎಷ್ಟೋ ಕಥೆಗಳು ಯಾರೋ ಗೆಳೆಯ ಹೇಳಿದ್ದು ಅನ್ನೋ ಧಾಟಿಯಲ್ಲೇ ಸಾಗುತ್ತವೆ. ಹೊಳೆಯಲಿ ಅಂತ ಕಾಯೋ ಬರವಣಿಗೆ ಅಲ್ಲ ಅದು, ಕೇಳಿಸಿಕೊಂಡಿದ್ದನ್ನ ಇನ್ನೊಬ್ಬರಿಗೆ ದಾಟಿಸೋ ಬರವಣಿಗೆ.

"ದಿನಾ ಐನೂರು ಪದ ಬರೀರಿ" ಅನ್ನೋ ಉಪದೇಶದಲ್ಲಿ ನನಗೆ ನಂಬಿಕೆ ಇಲ್ಲ. ಅದರ ಬದಲು ಕೋಲಾರದ ಟೊಮೆಟೊ ಮಾರ್ಕೆಟ್ಟಿಗೆ ಹೋಗಿ. ರೇಟು ಬಿದ್ದ ದಿನ ರೈತ ಬಾಕ್ಸಿನ ಪಕ್ಕ ನಿಂತು ಆಡೋ ಮಾತನ್ನ ಹಾಗೇ ಬರ್ಕೊಳ್ಳಿ. ಶ್ರೀನಿವಾಸಪುರದಲ್ಲಿ ಮಾವಿನ ತೋಪು ಗುತ್ತಿಗೆಗೆ ಕೊಡುವಾಗ ನಡೆಯೋ ಚೌಕಾಸಿ ಕೇಳಿ. ತೆಲುಗು ಬಂದ್ರೆ ತೆಲುಗೇ ಇರಲಿ, ಕನ್ನಡಕ್ಕೇನೂ ಮೈಲಿಗೆ ಆಗಲ್ಲ. ತಿದ್ದೋದು ಆಮೇಲೆ. ಮೊದಲೇ ಶುದ್ಧ ಮಾಡೋಕೆ ಹೋದ್ರೆ ಮಾತಾಡಿದ ಮನುಷ್ಯನೇ ಮಾಯ ಆಗ್ಬಿಡ್ತಾನೆ.