ಹಸಿರೆಲೆಯೆಲ್ಲ ಕಷಾಯಕ್ಕಲ್ಲ

ನಮ್ಮ ಸದಸ್ಯರೊಬ್ಬರು ಕಳೆದ ತಿಂಗಳು ಸಂಘದ ಕಚೇರಿಗೆ ಒಂದು ಗಿಡದ ಬೇರಿನ ತುಂಡುಗಳನ್ನು ತಂದು, ಇದನ್ನು ಅಡಿಕೆ ತೋಟದ ಬಸಿಗಾಲುವೆಯ ದಡದಲ್ಲಿ ನೆಡಬಹುದೇ ಎಂದು ವಿಚಾರಿಸಿದರು. ಗಿಡದ ಹೆಸರು ಕಾಂಫ್ರಿ. ಎಲೆ ಒಳ್ಳೆಯ ಗೊಬ್ಬರವಾಗುತ್ತದೆ, ಜೊತೆಗೆ ಕಷಾಯ ಮಾಡಿ ಕುಡಿದರೆ ಮೂಳೆ ನೋವಿಗೂ ಹೊಟ್ಟೆಹುಣ್ಣಿಗೂ ಗುಣ ಕಾಣುತ್ತದೆ ಎಂದು ಮಾರಿದವರು ಹೇಳಿದ್ದರಂತೆ. ಮೊದಲನೆಯ ಮಾತು ನಿಜ. ಎರಡನೆಯದರ ಬಗ್ಗೆ ಸದಸ್ಯ ಬಾಂಧವರನ್ನು ಎಚ್ಚರಿಸುವುದು ನಮ್ಮ ಕರ್ತವ್ಯವೆಂದು ತಿಳಿದು ಈ ನಾಲ್ಕು ಸಾಲು ಬರೆಯುತ್ತಿದ್ದೇವೆ.

ಕಾಂಫ್ರಿ ಯುರೋಪಿನ ಹೊಳೆ ಹಳ್ಳಗಳ ದಂಡೆಯಲ್ಲಿ, ತೇವವಿರುವ ಹುಲ್ಲುಗಾವಲುಗಳಲ್ಲಿ ತಾನಾಗಿಯೇ ಬೆಳೆಯುವ ಗಿಡ. ಅಗಲವಾದ ಒರಟು ಸುಂಕಿನ ಎಲೆ, ಗಂಟೆಯಂತೆ ಇಳಿಬಿದ್ದ ನೇರಳೆ ಅಥವಾ ಕೆನೆಬಣ್ಣದ ಹೂ, ಹೊರಗೆ ಕಪ್ಪು ಒಳಗೆ ಬಿಳುಪಾಗಿ ಲೋಳೆಯಿಂದ ಕೂಡಿದ ಬೇರು. ಇದರ ಗ್ರೀಕ್ ಹೆಸರಿಗೆ ಒಂದಾಗಿ ಕೂಡಿಕೊಳ್ಳುವುದು ಎಂಬ ಅರ್ಥವಿದೆ. ಇಂಗ್ಲೆಂಡಿನ ಹಳ್ಳಿಗರು ಇದನ್ನು ನಿಟ್‌ಬೋನ್, ಅಂದರೆ ಮೂಳೆ ಕೂಡಿಸುವ ಗಿಡ, ಎಂದು ಕರೆದರು. ಬೇರನ್ನು ತುರಿದು ಮುರಿದ ಕೈಕಾಲಿನ ಸುತ್ತ ಮೆತ್ತಿದರೆ ಅದು ಒಣಗಿ ಗಟ್ಟಿಯಾಗಿ, ಮೂಳೆ ಅಲುಗದಂತೆ ಹಿಡಿದು ನಿಲ್ಲಿಸುತ್ತಿತ್ತು. ನಮ್ಮಲ್ಲಿ ಮೂಳೆ ಕಟ್ಟುವ ನಾಟಿ ವೈದ್ಯರು ಸಂದುಬಳ್ಳಿಯನ್ನು ನೆಚ್ಚಿಕೊಂಡಂತೆ ಅಲ್ಲಿಯವರು ಕಾಂಫ್ರಿಯನ್ನು ನೆಚ್ಚಿಕೊಂಡಿದ್ದರು. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ವೈದ್ಯ ಡಯೊಸ್ಕೊರಿಡೀಸ್ ಕಾಲದಿಂದಲೂ ಈ ಹೆಸರು ಔಷಧ ಗ್ರಂಥಗಳಲ್ಲಿ ಬಂದಿದೆ.

ಈ ನಂಬಿಕೆ ಬರೀ ಮೂಢನಂಬಿಕೆಯಲ್ಲ. ಬೇರಿನಲ್ಲಿ ಅಲಾಂಟೊಯಿನ್ ಎಂಬ ಪದಾರ್ಥ ಹೇರಳವಾಗಿದ್ದು, ಅದು ಗಾಯದ ಜಾಗದಲ್ಲಿ ಹೊಸ ಚರ್ಮ ಕೂಡಲು ನೆರವಾಗುತ್ತದೆ. ಲಿವರ್‌ಪೂಲಿನ ವೈದ್ಯ ಚಾರ್ಲ್ಸ್ ಮೆಕಾಲಿಸ್ಟರ್ 1912ರಲ್ಲೇ ಇದರ ಬಗ್ಗೆ ಬರೆದಿದ್ದರು. ಕಾಲು ಉಳುಕಿದ 142 ಮಂದಿಯ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಕಾಂಫ್ರಿ ಬೇರಿನ ಸತ್ವವಿರುವ ಮುಲಾಮು ಹಚ್ಚಿಕೊಂಡವರಿಗೆ, ಬರೀ ಮುಲಾಮು ಹಚ್ಚಿಕೊಂಡವರಿಗಿಂತ ಬೇಗ ನೋವೂ ಬಾವೂ ಇಳಿದವು. ಹಳ್ಳಿಯ ಅಜ್ಜಿಯರು ಹೇಳಿದ್ದ ಹೊರ ಉಪಯೋಗ ಹೀಗೆ ಪರೀಕ್ಷೆಯಲ್ಲೂ ನಿಂತಿತು.

ಆದರೆ ಹಚ್ಚುವುದಕ್ಕೆ ಒಳ್ಳೆಯದು ಕುಡಿಯುವುದಕ್ಕೂ ಒಳ್ಳೆಯದೇ ಇರಬೇಕು ಎಂದು ಜನ ಊಹಿಸಿಕೊಂಡರು. ಕೆಮ್ಮಿಗೆ, ಹೊಟ್ಟೆಹುಣ್ಣಿಗೆ, ಭೇದಿಗೆ ಕಷಾಯ ಕುಡಿಯುವುದು ಹಿಂದಿನಿಂದಲೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಹೆನ್ರಿ ಡಬಲ್‌ಡೇ ಎಂಬುವರು ರಷ್ಯಾದಿಂದ ತರಿಸಿದ ಹೆಚ್ಚು ಇಳುವರಿಯ ತಳಿ ಹಬ್ಬಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಲಾರೆನ್ಸ್ ಹಿಲ್ಸ್ ಇದನ್ನು ಸಾವಯವ ತೋಟಗಾರರ ಮನೆಮಾತಾಗಿಸಿದರು. ಆಗ ಎಲೆಯನ್ನು ಪಲ್ಯದಂತೆ ತಿನ್ನುವವರೂ, ದಿನನಿತ್ಯ ಟೀ ಮಾಡಿ ಕುಡಿಯುವವರೂ ಹೆಚ್ಚಾದರು.

ಕಾಂಫ್ರಿಯ ಬೇರಿನಲ್ಲೂ ಎಲೆಯಲ್ಲೂ ಪೈರೊಲಿಜಿಡೀನ್ ಆಲ್ಕಲಾಯ್ಡ್‌ಗಳೆಂಬ ವಿಷಪದಾರ್ಥಗಳಿವೆ. ಬೇರಿನಲ್ಲಿ ಹೆಚ್ಚು, ಬಲಿತ ಎಲೆಗಿಂತ ಎಳೆಯ ಎಲೆಯಲ್ಲಿ ಹೆಚ್ಚು. ಹೊಟ್ಟೆಗೆ ಹೋದ ಮೇಲೆ ಯಕೃತ್ತು, ಅಂದರೆ ಲಿವರ್, ಇವುಗಳನ್ನು ಇನ್ನೂ ತೀಕ್ಷ್ಣವಾದ ವಿಷವಾಗಿ ಮಾರ್ಪಡಿಸಿ ತನ್ನನ್ನೇ ಕೆಡಿಸಿಕೊಳ್ಳುತ್ತದೆ. ಅದರೊಳಗಿನ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕಾಂಫ್ರಿ ತಿನ್ನಿಸಿದ ಇಲಿಗಳಲ್ಲಿ ಯಕೃತ್ತಿನ ಗಡ್ಡೆಗಳು ಕಂಡುಬಂದವೆಂದು ಜಪಾನಿನ ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದರು. ಇಲಿಗೆ ಕೊಟ್ಟಷ್ಟು ಯಾವ ಮನುಷ್ಯನೂ ತಿನ್ನುವುದಿಲ್ಲ ಎಂದು ಕಾಂಫ್ರಿ ಅಭಿಮಾನಿಗಳು ವಾದಿಸಿದರು. ಆದರೆ ಕಾಂಫ್ರಿ ಸೇವಿಸಿ ಯಕೃತ್ತು ಕೆಟ್ಟ ಮನುಷ್ಯರ ವರದಿಗಳೂ 1985ರಿಂದ ಬರತೊಡಗಿದವು. ಎಲೆ ತಿನ್ನುತ್ತಿದ್ದ ನ್ಯೂಜಿಲೆಂಡಿನ 23 ವರ್ಷದ ಯುವಕನೊಬ್ಬ ಸತ್ತ ಸಂಗತಿ 1990ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹೊಟ್ಟೆಗೆ ತೆಗೆದುಕೊಳ್ಳುವ ಕಾಂಫ್ರಿ ಸರಕನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳುವಂತೆ ತಯಾರಕರಿಗೆ ಸೂಚಿಸಿತು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಎರಡು ಸಾವಿರ ವರ್ಷ ಬಳಸಿದ ಜನಕ್ಕೆ ಇದು ಗೊತ್ತಾಗಲಿಲ್ಲವೇ? ನಮ್ಮ ಹಿರಿಯರ ಅನುಭವಕ್ಕೆ ಬೆಲೆಯಿಲ್ಲವೇ?

ಖಂಡಿತ ಬೆಲೆಯಿದೆ. ಆದರೆ ಅನುಭವಕ್ಕೆ ಸಿಕ್ಕುವುದು ಯಾವುದು, ಸಿಕ್ಕದ್ದು ಯಾವುದು ಎಂಬುದನ್ನು ನಾವು ಬೇರ್ಪಡಿಸಿ ನೋಡಬೇಕು. ತಿಂದ ಗಳಿಗೆಯಲ್ಲೇ ವಾಂತಿ, ಭೇದಿ, ತಲೆಸುತ್ತು ಬಂದರೆ ಆ ಗಿಡ ವಿಷವೆಂದು ಇಡೀ ಊರಿಗೆ ಗೊತ್ತಾಗುತ್ತದೆ, ಮಕ್ಕಳಿಗೂ ಮೊಮ್ಮಕ್ಕಳಿಗೂ ಆ ತಿಳಿವಳಿಕೆ ಇಳಿಯುತ್ತದೆ. ದಿನಕ್ಕೊಂದು ಲೋಟದಂತೆ ಆರು ತಿಂಗಳು ಕುಡಿದು, ಎಷ್ಟೋ ಕಾಲದ ಮೇಲೆ ಹೊಟ್ಟೆ ಊದಿಕೊಂಡರೆ, ಕಾರಣ ಆ ಲೋಟದಲ್ಲಿತ್ತೆಂದು ಯಾರಿಗೆ ತಾನೇ ಹೊಳೆದೀತು? ಕಾಮಾಲೆ ಎನ್ನುತ್ತಾರೆ, ಕುಡಿತದ ಫಲ ಎನ್ನುತ್ತಾರೆ, ಹಣೆಬರಹ ಎನ್ನುತ್ತಾರೆ. ಅದೇ ಕಷಾಯ ಕುಡಿದ ಹತ್ತು ಜನ ಆರೋಗ್ಯವಾಗಿಯೇ ಇರುವುದರಿಂದ ಅನುಮಾನವೂ ಬರುವುದಿಲ್ಲ. ನಿಧಾನವಾಗಿ ಕೊಲ್ಲುವ ವಿಷವನ್ನು ಗುರುತಿಸುವುದು ಒಂದು ಮನೆಯ, ಒಂದು ಊರಿನ ಅನುಭವದಿಂದ ಆಗುವ ಕೆಲಸವಲ್ಲ.

ಇದು ಪರದೇಶದ ಮಾತಷ್ಟೇ ಎಂದು ಯಾರೂ ತಳ್ಳಿಹಾಕಬಾರದು. ಇದೇ ಜಾತಿಯ ವಿಷ ನಮ್ಮ ದೇಶದಲ್ಲೂ ಜೀವ ತೆಗೆದಿದೆ. ಆಗ ಮಧ್ಯಪ್ರದೇಶದಲ್ಲಿದ್ದು ಈಗ ಛತ್ತೀಸಗಢಕ್ಕೆ ಸೇರಿರುವ ಸರಗುಜಾ ಜಿಲ್ಲೆಯಲ್ಲಿ, ಸಾಮೆಯ ಜೊತೆ ಕ್ರೊಟಲೇರಿಯಾ ಜಾತಿಯ ಕಳೆಯ ಬೀಜ ಬೆರೆತು, ಅದನ್ನು ಉಂಡವರ ಯಕೃತ್ತು ಕೆಟ್ಟಿತು. 1976ರಲ್ಲಿ ಪ್ರಕಟವಾದ ವರದಿಯ ಪ್ರಕಾರ ರೋಗ ಬಂದವರು 67 ಮಂದಿ, ಸತ್ತವರು 28. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು ಮಾಡುವ ಈ ಜಾತಿಯ ಗಿಡಗಳು ನಮ್ಮ ರಸ್ತೆಬದಿಯಲ್ಲೂ ಇವೆ. ಕಾಫಿ ತೋಟದ ಅಜೆರೇಟಮ್ ಕಳೆಯಲ್ಲೂ, ನಾವು ಕಮ್ಯುನಿಸ್ಟ್ ಗಿಡವೆಂದು ಕರೆಯುವ ಕಳೆಯಲ್ಲೂ ಇದೇ ಗುಂಪಿನ ಪದಾರ್ಥಗಳಿವೆ. ಕತ್ತಿ ತಾಗಿದಾಗ ಕಮ್ಯುನಿಸ್ಟ್ ಗಿಡದ ಎಲೆ ಜಜ್ಜಿ ಹಿಂಡಿ ರಕ್ತ ನಿಲ್ಲಿಸಿಕೊಳ್ಳುವುದನ್ನು ತೋಟದಲ್ಲಿ ಎಲ್ಲರೂ ಕಂಡಿದ್ದೇವೆ. ರಕ್ತ ನಿಂತಿತೆಂಬ ಕಾರಣಕ್ಕೆ ಅದರ ರಸವನ್ನು ಹೊಟ್ಟೆಗೂ ಕುಡಿಯಬಹುದೆಂದು ಯಾರಾದರೂ ಹೇಳಿದರೆ, ಅದು ಕಾಂಫ್ರಿಯ ವಿಷಯದಲ್ಲಿ ಆದ ತಪ್ಪೇ ಮತ್ತೆ ಆದಂತೆ.

ಹಾಗಾದರೆ ಆ ಸದಸ್ಯರಿಗೆ ನಾವು ಕೊಟ್ಟ ಉತ್ತರವೇನು? ನೆಡುವುದಾದರೆ ಗೊಬ್ಬರಕ್ಕೆಂದು ನೆಡಿ. ಎಲೆಯಲ್ಲಿ ಪೊಟ್ಯಾಷ್ ಚೆನ್ನಾಗಿರುತ್ತದೆ. ಕೊಯ್ದು ಬುಡಕ್ಕೆ ಮುಚ್ಚಿಗೆ ಹಾಕಬಹುದು, ನೀರಿನಲ್ಲಿ ಕೊಳೆಸಿ ತಿಳಿಯನ್ನು ಗಿಡಗಳಿಗೆ ಹಾಕಬಹುದು. ಆದರೆ ಬೇರಿನ ಒಂದು ಚೂರು ಉಳಿದರೂ ಮತ್ತೆ ಚಿಗುರುವ ಗಿಡವಿದು. ಬೇಡವೆಂದಾಗ ಕಿತ್ತೊಗೆಯುವುದು ಸುಲಭವಲ್ಲ, ಆದ್ದರಿಂದ ಜಾಗ ನೋಡಿ ನೆಡಿ. ಹಿಂದೆ ಇದನ್ನು ಮೇವಾಗಿ ಬೆಳೆದ ದೇಶಗಳಿವೆಯಾದರೂ ದನಗಳಿಗೆ ಹಾಕದಿರುವುದೇ ಲೇಸು. ಈ ವಿಷ ದನದ ಯಕೃತ್ತನ್ನೂ ಕೆಡಿಸಬಲ್ಲದು, ಸ್ವಲ್ಪ ಪ್ರಮಾಣದಲ್ಲಿ ಹಾಲಿಗೂ ಇಳಿಯಬಲ್ಲದು.

ಔಷಧಕ್ಕೆಂದಾದರೆ ಹೊರಗೆ ಮಾತ್ರ. ಅದಕ್ಕೂ ಮಿತಿಯಿದೆ. ಯುರೋಪಿನ ಔಷಧ ಸಂಸ್ಥೆ 2015ರಲ್ಲಿ ಹೇಳಿರುವಂತೆ, ಬೇರಿನ ಮುಲಾಮನ್ನು ದೊಡ್ಡವರು ಮಾತ್ರ, ಸಣ್ಣಪುಟ್ಟ ಉಳುಕು ಮತ್ತು ಒಳಪೆಟ್ಟಿಗೆ, ಚರ್ಮ ಒಡೆಯದ ಜಾಗದಲ್ಲಿ, ಹತ್ತು ದಿನ ಮೀರದಂತೆ ಹಚ್ಚಬಹುದು. ತೆರೆದ ಗಾಯಕ್ಕೆ ಬೇಡ. ಮಕ್ಕಳಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಬೇಡವೇ ಬೇಡ. ಇನ್ನೊಂದು ಎಚ್ಚರಿಕೆ: ಹೂ ಬಿಡುವ ಮುಂಚೆ ಕಾಂಫ್ರಿಯ ಎಲೆಯೂ ಡಿಜಿಟಾಲಿಸ್ ಗಿಡದ ಎಲೆಯೂ ನೋಡಲು ಒಂದನ್ನೊಂದು ಹೋಲುತ್ತವೆ. ಡಿಜಿಟಾಲಿಸ್ ನೇರವಾಗಿ ಹೃದಯಕ್ಕೇ ತಗಲುವ ವಿಷ. ಕಾಂಫ್ರಿಯೆಂದು ತಿಳಿದು ಅದರ ಕಷಾಯ ಕುಡಿದು ಅಪಾಯಕ್ಕೆ ಸಿಕ್ಕಿದವರಿದ್ದಾರೆ.

ಸಂಘದ ಕೆಲಸವೂ ಇದರಲ್ಲಿ ಸ್ವಲ್ಪ ಇದೆ. ನಮ್ಮ ಮಳಿಗೆಯಲ್ಲಾಗಲಿ, ಸದಸ್ಯರು ನಡೆಸುವ ನರ್ಸರಿಗಳಲ್ಲಾಗಲಿ ಇಂಥ ಗಿಡ ಮಾರುವಾಗ, ಇದು ಗೊಬ್ಬರಕ್ಕೆ, ಹೊಟ್ಟೆಗಲ್ಲ ಎಂಬ ಚೀಟಿಯನ್ನು ಕನ್ನಡದಲ್ಲಿ ಅಂಟಿಸಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಒಂದು ಚೀಟಿಗೆ ತಗಲುವ ಖರ್ಚು ಏನೂ ಅಲ್ಲ. ಅದು ಇಲ್ಲದೆ ಹೋದರೆ ಆಗುವ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲೂ ತುಂಬಿಕೊಡಲಾಗದು.

ಕೊನೆಯದಾಗಿ ಎಲ್ಲ ಮನೆಗಳಿಗೂ ಸಲ್ಲುವ ಒಂದು ವಿನಂತಿ. ಡಾಕ್ಟರ ಬಳಿ ಹೋದಾಗ ಮನೆಯಲ್ಲಿ ಯಾವ ಕಷಾಯ, ಯಾವ ಎಲೆ, ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಬೈದಾರೆಂದು ಹೆದರಿ ಸುಮ್ಮನಿರಬೇಡಿ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಸಾಧ್ಯವಾದರೆ ಆ ಗಿಡದ ಒಂದು ಟೊಂಗೆಯನ್ನೂ ಜೊತೆಗೆ ಒಯ್ಯಿರಿ.