ಯಾವ ಬ್ಯಾಲೆನ್ಸು ಮಾರಾಯ?

ಈ ಸಲ ಕಂಪ್ಯೂಟರ್ ವಿಷಯ ಬರೀತಿದ್ದೇನೆ ಅಂದ್ರೆ ನೀವು ನಗಬಹುದು. ಬಿಕಾಂ ಓದಿ, ಮೂವತ್ತು ವರ್ಷ ಮುಂಬಯಿಯಲ್ಲಿ ಬ್ಯಾಂಕ್ ಕೆಲಸ ಮಾಡಿದವನಿಗೆ ಎಐ ಬಗ್ಗೆ ಏನು ಗೊತ್ತು ಅಂತ. ಹೆಚ್ಚೇನೂ ಗೊತ್ತಿಲ್ಲ, ನಿಜ. ಆದ್ರೂ ಮೊನ್ನೆ ಭಾನುವಾರದಿಂದ ತಲೆಯಲ್ಲಿ ಕೊರೀತಾ ಇದೆ, ಹೇಳಿಬಿಡ್ತೇನೆ.

ತಂಗಿಯ ಮಗ ಪುಣೆಯಿಂದ ಡೊಂಬಿವಲಿಗೆ ಬಂದಿದ್ದ. ಸಣ್ಣ ವ್ಯಾಪಾರಿಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿದ್ದಾನೆ. ಈಗ ಅದಕ್ಕೊಂದು ಎಐ ಏಜೆಂಟ್ ಕೂರಿಸ್ತಿದ್ದಾರಂತೆ. "ಮಾವ, ನೀವು ಬ್ಯಾಂಕಿನವರು, ಇದನ್ನೊಮ್ಮೆ ಓದಿ" ಅಂತ ಲ್ಯಾಪ್‌ಟಾಪ್ ತಿರುಗಿಸಿದ. ಹದಿನಾಲ್ಕು ಟೂಲ್‌ಗಳ ಪಟ್ಟಿ. ಒಂದೊಂದಕ್ಕೂ ಒಂದು ಹೆಸರು, ಒಂದು ಸಾಲಿನ ವಿವರಣೆ, ಏನೇನು ಮಾಹಿತಿ ಕೊಡಬೇಕು ಅನ್ನೋದು.

ಏಜೆಂಟ್ ಒಳಗಿನ ಪ್ರೋಗ್ರಾಂ ನೋಡೋದಿಲ್ಲವಂತೆ. ಈ ಹೆಸರು, ಈ ವಿವರಣೆ ಓದಿಯೇ ಯಾವ ಟೂಲ್ ಎತ್ತಿಕೊಳ್ಳಬೇಕು ಅಂತ ನಿರ್ಧರಿಸುತ್ತದೆ. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಕಂಪನಿ ಇದಕ್ಕೆಲ್ಲ ಎಂಸಿಪಿ ಅನ್ನೋ ಒಂದು ಸಾಮಾನ್ಯ ಪದ್ಧತಿ ಹೊರತಂದಿತು, ಆಮೇಲೆ ಬೇರೆ ಕಂಪನಿಗಳೂ ಅದನ್ನೇ ಹಿಡಿದವು ಅಂದ. ಸರಿ, ಓದಿದೆ. ಮೊದಲನೇ ಟೂಲ್, ಗೆಟ್ ಬ್ಯಾಲೆನ್ಸ್. ವಿವರಣೆ: "ಖಾತೆಯ ಬ್ಯಾಲೆನ್ಸ್ ಕೊಡುತ್ತದೆ."

"ಯಾವ ಬ್ಯಾಲೆನ್ಸು ಮಾರಾಯ?" ಅಂದೆ.

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಲೆಡ್ಜರಿನಲ್ಲಿ 80,000 ಕಾಣಬಹುದು. ಅದರಲ್ಲಿ 25,000 ಇನ್ನೂ ಕ್ಲಿಯರ್ ಆಗದ ಚೆಕ್ಕಿನದು. 30,000ದ ಮೇಲೆ ಯಾವುದೋ ಆದೇಶದಿಂದ ಲೀನ್ ಬಿದ್ದಿದೆ. ಪಾರ್ಟಿ ಮುಟ್ಟಬಹುದಾದದ್ದು ಬರೀ 25,000. ಓಡಿ ಖಾತೆಯಾದರೆ ಕತೆಯೇ ಬೇರೆ, ಅಲ್ಲಿ ಡ್ರಾಯಿಂಗ್ ಪವರ್ ನೋಡಬೇಕು. ಏಜೆಂಟ್ 80,000 ಇದೆ ಅಂತ ವರದಿ ಕೊಟ್ಟು, ವ್ಯಾಪಾರಿ ಅದನ್ನು ನಂಬಿ 60,000ದ ಚೆಕ್ ಬರೆದು, ಅದು ವಾಪಸ್ ಬಂದರೆ? 138ನೇ ಕಲಂ ಕೆಳಗೆ ಕೋರ್ಟು ಹತ್ತೋದು ಏಜೆಂಟ್ ಅಲ್ಲ.

"ಇಲ್ಲ ಮಾವ, ಈಗಿನ ಮಾಡೆಲ್‌ಗಳು ಬುದ್ಧಿವಂತ, ಅರ್ಥ ಮಾಡ್ಕೊಳ್ತವೆ" ಅಂದ. ಬುದ್ಧಿವಂತಿಕೆಯ ಮಾತಲ್ಲ ಇದು. ಅವನಿಗೆ ನನ್ನದೇ ಹಳೇ ಕತೆ ಹೇಳಬೇಕಾಯ್ತು.

1994. ಕುಮಟೆಯಿಂದ ಬಂದು ವರ್ಷ ಆಗಿರಲಿಲ್ಲ. ಹಿಂದಿ ಪಾಠಪುಸ್ತಕದ್ದು. ಸಹೋದ್ಯೋಗಿಯೊಬ್ಬರು ರಜೆಯ ಮೇಲೆ ಹೋಗುವ ಮೊದಲು ನನ್ನ ಮೇಜಿನ ಮೇಲೆ ಚೀಟಿ ಇಟ್ಟಿದ್ದರು: "ಕಲ್ ಕಾ ಡ್ರಾಫ್ಟ್ ಕ್ಯಾನ್ಸಲ್." ಹಿಂದಿಯಲ್ಲಿ ನಿನ್ನೆಗೂ ಕಲ್, ನಾಳೆಗೂ ಕಲ್. ವಾಕ್ಯದಲ್ಲಿ ಕ್ರಿಯಾಪದ ಇದ್ದರೆ ತಿಳಿಯುತ್ತದೆ, ಚೀಟಿಯಲ್ಲಿ ಅದಿಲ್ಲ. ಅದೇ ಪಾರ್ಟಿಯದು ನಿನ್ನೆ ಮಾಡಿದ ಡ್ರಾಫ್ಟ್ ಒಂದು ಡ್ರಾಯರಿನಲ್ಲಿತ್ತು, ನಾಳೆ ಮಾಡಬೇಕಾದದ್ದು ಇನ್ನೊಂದು. ನಾನು ನಿನ್ನೆಯದನ್ನು ರದ್ದು ಮಾಡಿದೆ. ಅದು ಒಬ್ಬ ಕಂತ್ರಾಟುದಾರರ ಟೆಂಡರ್ ಠೇವಣಿಯ ಡ್ರಾಫ್ಟು. ಮರುದಿನ ಅವರು ಬಂದಾಗ ಇಲ್ಲ, ಹೊಸದು ಮಾಡಿಕೊಡುವಷ್ಟರಲ್ಲಿ ಟೆಂಡರ್ ಹೊತ್ತು ಮುಗಿದಿತ್ತು. ಆ ಮನುಷ್ಯ ಕೌಂಟರಿನ ಮುಂದೆ ಸುಮ್ಮನೆ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೈದಿದ್ದರೆ ವಾಸಿ ಇತ್ತು.

ನಾನು ದಡ್ಡನಿದ್ದೆನಾ? ಚೀಟಿ ಬರೆದವರು ದಡ್ಡರಾ? ಇಬ್ಬರೂ ಅಲ್ಲ. ಅವರಿಗೆ ಯಾವ ಕಲ್ ಅಂತ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅದು ಬರೆಯಬೇಕಾದ ವಿಷಯ ಅಂತಲೇ ಹೊಳೆಯಲಿಲ್ಲ. ನನಗೋ ಕೇಳಲು ನಾಚಿಕೆ. ಏಜೆಂಟ್‌ಗೆ ನಾಚಿಕೆ ಇಲ್ಲ, ಆದರೂ ಬಹಳ ಸಲ ಅದೂ ಕೇಳೋದಿಲ್ಲವಂತೆ. ತೋಚಿದ ಅರ್ಥ ಹಿಡಿದು ಮುಂದೆ ಹೋಗುತ್ತದೆ.

ಮುಂದಿನದು ಹಣ ಕಳಿಸುವ ಟೂಲ್. ಮೊತ್ತ ರೂಪಾಯಿಯಲ್ಲೋ ಪೈಸೆಯಲ್ಲೋ ಬರೆದಿರಲಿಲ್ಲ. ಪೈಸೆಯಲ್ಲೇ ಕೇಳುವ ಪೇಮೆಂಟ್ ಗೇಟ್‌ವೇಗಳಿವೆ, ಅಲ್ಲಿ 500 ಅಂದರೆ ಐದು ರೂಪಾಯಿ. ತಾರೀಕು 03/04 ಅಂದರೆ ಏಪ್ರಿಲ್ಲೋ ಮಾರ್ಚೋ? ಆರ್‌ಟಿಜಿಎಸ್ ಎರಡು ಲಕ್ಷಕ್ಕಿಂತ ಕೆಳಗೆ ಆಗೋದಿಲ್ಲ ಅನ್ನೋದೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು, ನೆಫ್ಟ್‌ನಲ್ಲಿ ಹಣ ಜಮಾ ಆಗೋದು ಖಾತೆ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ಹೆಸರು ಪರೀಕ್ಷಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಿ ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದ್ದೇ ಈ ಕಾರಣಕ್ಕೆ. ಹಾಗಾಗಿ "ಮೊದಲು ಹೆಸರು ನೋಡು, ಹೊಂದದಿದ್ದರೆ ನಿಲ್ಲಿಸು, ಕಳಿಸಿದ ಮೇಲೆ ನೀನೇ ವಾಪಸ್ ತರಲಾರೆ, ಮನುಷ್ಯರನ್ನು ಕೇಳು" ಅಂತ ಟೂಲಿನ ಹಣೆಯ ಮೇಲೇ ಬರೆದಿರಬೇಕು. ಟೂಲ್ ಏನು ಮಾಡುತ್ತೆ ಅನ್ನೋದಕ್ಕಿಂತ ಯಾವಾಗ ಮುಟ್ಟಬಾರದು ಅನ್ನೋದೇ ಮುಖ್ಯ ಅಂತ ನನ್ನ ಅಭಿಪ್ರಾಯ.

ಹುಡುಗನೂ ಬಿಡಲಿಲ್ಲ. ವಿವರಣೆ ಉದ್ದವಾದರೆ ಏಜೆಂಟ್ ಪ್ರತಿಸಲ ಅಷ್ಟನ್ನೂ ಓದಬೇಕು, ಖರ್ಚೂ ಹೆಚ್ಚು, ಗೊಂದಲವೂ ಹೆಚ್ಚು ಅಂದ. ಒಪ್ಪಿದೆ. ನಮ್ಮ ಬ್ಯಾಂಕಿನ ದಪ್ಪ ಮ್ಯಾನುವಲ್‌ಗಳನ್ನು ಇನ್‌ಸ್ಪೆಕ್ಷನ್ ಬಂದಾಗ ಬಿಟ್ಟರೆ ಯಾರು ತೆರೆದದ್ದು! ಚಿಕ್ಕದಾಗಿಯೇ ಇರಲಿ. ಆದರೆ ಯಾವ ನಾಲ್ಕು ಮಾತು ಉಳಿಯಬೇಕು ಅಂತ ಹೇಳಲು ಕೌಂಟರಿನಲ್ಲಿ ಕೂತು ಬೈಸಿಕೊಂಡವರು ಬೇಕು. ಅವರ ಕಂಪನಿಯಲ್ಲಿ ಪ್ರೋಗ್ರಾಂಗೆ ಎರಡು ತಿಂಗಳು ಕೊಟ್ಟಿದ್ದಾರೆ, ಈ ವಿವರಣೆಗಳನ್ನು ಕೊನೇ ದಿನ ಸಂಜೆ ಎಐ ಕೈಲೇ ಬರೆಸಿದ್ದಾರೆ! ಅಕೌಂಟ್ಸ್ ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡಿಲ್ಲ. ನನ್ನ ಸಿಟ್ಟು ಇರೋದು ಅದಕ್ಕೇ.

ಕೊನೆಗೆ ಇಬ್ಬರೂ ಸೇರಿ ಮೊದಲನೆಯದನ್ನು ಹೀಗೆ ಬರೆದೆವು: "ಈ ಕ್ಷಣ ಖಾತೆಯಿಂದ ತೆಗೆಯಬಹುದಾದ ಹಣ, ರೂಪಾಯಿಗಳಲ್ಲಿ. ಕ್ಲಿಯರ್ ಆಗದ ಚೆಕ್, ಲೀನ್ ಕಳೆದು. ಓಡಿ ಖಾತೆಗೆ ಇದನ್ನು ಬಳಸಬೇಡ." ಅಷ್ಟಕ್ಕೇ ಮುಕ್ಕಾಲು ಗಂಟೆ, ಎರಡು ಸಲ ಚಹಾ.

ಸಂಜೆಯೊಳಗೆ ಆದದ್ದು ಮೂರೇ. ಕ್ಲೋಸ್ ಅಕೌಂಟ್ ಅನ್ನೋದೊಂದಿತ್ತು, ಅದನ್ನು ಪಟ್ಟಿಯಿಂದಲೇ ತೆಗಿ ಅಂದೆ. ಮ್ಯಾನೇಜರನ್ನು ಕೇಳಬೇಕಂತೆ. ಉಳಿದ ಹತ್ತಕ್ಕೆ ಮುಂದಿನ ಭಾನುವಾರ ಬರ್ತಾನೆ.